ರೊಟ್ಟಿ ಒಲೆಯ ಸ್ವಿಚ್ಚು

ಬೈರಿದೇವರಕೊಪ್ಪದ ನಮ್ಮ ಹೊಸ ಮನೆಗೆ ವೈರಿಂಗ್ ನಡೆದಿದೆ. ನಿನ್ನೆ ಎಲೆಕ್ಟ್ರಿಷಿಯನ್ ಸ್ವಿಚ್ಚುಗಳ ಡಬ್ಬಿ ಬಿಚ್ಚಿದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆಗೆ ಧಾರವಾಡದ ಹಳೆಯ ಅಡುಗೆಮನೆಯೂ ಅವ್ವನೂ ಒಟ್ಟಿಗೆ ನೆನಪಾದರು.

ಅವ್ವನ ಕಣ್ಣು ಮಂಜಾಗಿತ್ತು. ಗ್ಯಾಸಿನ ಉರಿ ಎರಡು ಸಲ ಸೆರಗಿಗೆ ತಾಗಿದ ಮೇಲೆ, ಇನ್ನು ಒಲೆಯ ಹತ್ತಿರ ಹೋಗಬೇಡ ಎಂದು ಮನೆಮಂದಿಯೆಲ್ಲ ತಾಕೀತು ಮಾಡಿದೆವು. ರೊಟ್ಟಿ ಬಡಿಯದ ದಿನ ಅವ್ವ ಮಾತೇ ಆಡುತ್ತಿರಲಿಲ್ಲ. ಆ ಮೌನ ತಾಳಲಾರದೆ ಎರಡು ಸಾವಿರ ವ್ಯಾಟಿನ ಕರೆಂಟ್ ಒಲೆ ತಂದೆ.

ತಂದದ್ದೇನೋ ಸರಿ, ನಾಲ್ಕು ರೊಟ್ಟಿ ಆಗುವಷ್ಟರಲ್ಲಿ ಲೋಡು ಹೆಚ್ಚಾದರೆ ತಾನೇ ಬೀಳುವ ಬೋರ್ಡಿನ ಎಂಸಿಬಿ ಬಿದ್ದು ಕರೆಂಟು ಹೋಗುತ್ತಿತ್ತು. ನಾನು ಸಾಲೆಯಲ್ಲಿ ವಿಜ್ಞಾನ ಕಲಿಸುವವನು, ನಗಬೇಡಿ. ಆರು ಆಂಪಿಯರಿನದು ಬೀಳುತ್ತಿದ್ದರೆ ಮೂವತ್ತೆರಡರದು ಹಾಕಿದರಾಯಿತು ಎಂದು, ಅದನ್ನು ಕೊಂಡು ತಂದು ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಮಾಬೂಸಾಬರ ಕೈಗಿಟ್ಟೆ.

“ಮಾಸ್ತರ್ರ, ಇದು ಕಾಯೋದು ಒಲಿನ್ನಲ್ರಿ, ಗ್ವಾಡ್ಯಾಗಿನ ವೈರನ್ನ,” ಎಂದರು. “ಸಣ್ಣ ವೈರಿಗೆ ಇಷ್ಟು ದೊಡ್ಡದು ಹಾಕಿದ್ರ, ಇದು ಬೀಳೂದ್ರೊಳಗ ವೈರ್ ಸುಟ್ಟಿರ್ತೈತ್ರಿ.”

ನಾನು ಅದನ್ನು ವಾಪಸು ಜೇಬಿಗಿಳಿಸಿದೆ. ಅವರು ಅವ್ವನ ಕಡೆ ತಿರುಗಿದರು. “ಅವ್ವಾರ, ಒಂದು ರೊಟ್ಟಿ ಮಾಡ್ರಿ, ನೋಡ್ತೇನಿ.”

“ಹಸಿವಾಗೈತೇನಪಾ?”

“ಅದೂ ಆಗೈತ್ರಿ.”

ಅವ್ವ ಹಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಕಾವು ಹೆಚ್ಚಾಯಿತೆಂದು ಅದೇ ಒದ್ದೆ ಕೈಯನ್ನು ಒಲೆಯ ಪಕ್ಕದ ಸ್ವಿಚ್ಚಿಗೆ ಚಾಚಿದಳು. ಮಾಬೂಸಾಬರು ಥಟ್ಟನೆ ತಡೆದರು. ಹುಟ್ಟಿದಾಗಿನಿಂದ ಆ ಕೈಯ ರೊಟ್ಟಿ ತಿಂದ ನನಗೆ, ಅದು ಸದಾ ಒದ್ದೆ ಇರುತ್ತದೆಂಬುದು ಹೊಳೆದೇ ಇರಲಿಲ್ಲ.

ಅವರು ಒಲೆಗೆಂದೇ ಬೇರೆ ದಪ್ಪ ವೈರು ಎಳೆದು, ಹದಿನಾರು ಆಂಪಿಯರಿನ ಎಂಸಿಬಿ, ಅಷ್ಟೇ ತಾಕತ್ತಿನ ಸ್ವಿಚ್ಚು, ಸರಿಯಾದ ಅರ್ಥಿಂಗ್ ಕೊಟ್ಟರು. ಕರೆಂಟು ತುಸು ಸೋರಿದರೂ ತಾನೇ ಕಡಿಯುವ ಆರ್‌ಸಿಸಿಬಿಯನ್ನೂ ಹಾಕಿದರು. ಸ್ವಿಚ್ಚು ಮಾತ್ರ ಎರಡು ಹೆಜ್ಜೆ ದೂರ, ನಡುವೆ ಗೂಟಕ್ಕೊಂದು ಅರಿವೆ. ಕೈ ಒರೆಸಿಕೊಂಡೇ ಅವ್ವ ಮುಂದೆ ಹೋಗಬೇಕು.

ಆದರೂ ಒಂದು ದಿನ ಆರ್‌ಸಿಸಿಬಿ ಬಿತ್ತು. ಓಡಿ ಹೋಗಿ ನೋಡಿದರೆ ಒಲೆಯ ತುಂಬ ನೀರು ಚೆಲ್ಲಿತ್ತು, ಅವ್ವನ ಒದ್ದೆ ಕೈ ಅದರ ಅಂಚಿನ ಮೇಲಿತ್ತು.

“ನಿನ್ನ ಮಷೀನು ಕೆಟ್ಟೈತಿ ನೋಡು. ರೊಟ್ಟಿ ಹಸಿ ಉಳೀತು,” ಎಂದು ಬೈದಳು.

ಕೆಟ್ಟಿರಲಿಲ್ಲ, ಅದು ಬಿದ್ದದ್ದರಿಂದಲೇ ಅವ್ವ ಉಳಿದಿದ್ದಳು. ಏನಾಗಬಹುದಿತ್ತೆಂದು ಹೇಳಿದ್ದರೆ ಮನೆಯವರು ಆ ಒಲೆಯನ್ನೂ ಬಿಡಿಸುತ್ತಿದ್ದರು. ಹಸಿ ರೊಟ್ಟಿಯನ್ನು ಸುಮ್ಮನೆ ಮುರಿದು ತಿಂದೆ.

ಅವ್ವ ಈಗಿಲ್ಲ. “ಒಲಿ ಸ್ವಿಚ್ ಎಲ್ಲಿ ಕೂಡಸ್ಲಿರಿ?” ಎಂದು ನಿನ್ನೆ ಹೊಸ ಮನೆಯ ಎಲೆಕ್ಟ್ರಿಷಿಯನ್ ಕೇಳಿದ. ಅವನನ್ನು ನಮ್ಮ ಬಾಡಿಗೆ ಮನೆಗೆ ಕರೆದೊಯ್ದೆ, ಹೆಂಡತಿ ರೊಟ್ಟಿ ಮಾಡುವುದನ್ನು ಇಬ್ಬರೂ ನಿಂತು ನೋಡಿದೆವು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಹಾಗೆ ನೋಡಿದ್ದು ಅದೇ ಮೊದಲು. ಅವಳು ನೀರು ಸವರುವುದು ಎಡಗೈಯಿಂದ; ಸ್ವಿಚ್ಚು ಬಲಕ್ಕೆ, ಎರಡು ಹೆಜ್ಜೆ ದೂರ ಎಂದೆ.