ಮಸರತ ಕಂಡ ಎರಡು ಬೆಳಕು

ಮಸರತ ಕ್ಯಾಮೆರಾ ಹಿಡಿಯಬೇಕಾಗಿ ಬಂದದ್ದು ಬೇರೆ ಯಾರೂ ಹಿಡಿಯುವಂತಿರಲಿಲ್ಲ ಎಂಬ ಕಾರಣಕ್ಕೆ.

ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರಿಗೆ ವ್ಯಂಕಟೇಶನ ಫೋಟೊ ಸ್ಟುಡಿಯೊ ಇದೆ. ಆರು ವರ್ಷದಿಂದ ಆಕೆ ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುವೆ ಆಲ್ಬಮ್ ಜೋಡಿಸುತ್ತಿದ್ದಳು. ಮುಸ್ಲಿಂ ಮದುವೆಗಳಲ್ಲಿ ಹೆಂಗಸರು ಕೂಡುವ ಕಡೆಗೆ ವ್ಯಂಕಟೇಶ ಹೋಗುವಂತಿರಲಿಲ್ಲ. ಹಾಗಾಗಿ ಮದುಮಗಳ ಫೋಟೊ ಅಂದರೆ ಯಾರೋ ಮೊಬೈಲಿನಲ್ಲಿ ತೆಗೆದ ಅಲುಗಿದ ಚಿತ್ರಗಳು. ಹೋದ ವರ್ಷ ಜೇವರ್ಗಿಯ ಒಂದು ಮನೆಯವರು ನೇರವಾಗಿ ಕೇಳಿಬಿಟ್ಟರು: "ನಿಮ್ಮಲ್ಲಿ ಹೆಣ್ಣುಮಗಳು ಇದ್ದಾಳಲ್ರಿ? ಆಕಿನ್ನೇ ಕಳಸ್ರಿ."

ವ್ಯಂಕಟೇಶ ಕ್ಯಾಮೆರಾದ ಪಟ್ಟಿಯನ್ನು ಅವಳ ಕೊರಳಿಗೆ ಹಾಕಿ, ಮೇಲೆ ಫ್ಲ್ಯಾಶ್ ಸಿಕ್ಕಿಸಿ, ನಿಂತ ನಿಲುವಿನಲ್ಲೇ ಪಾಠ ಮುಗಿಸಿದ. "ಅಪರ್ಚರ್ ಎಂಟು, ಶಟರ್ ನೂರಾ ಇಪ್ಪತ್ತೈದು, ಫ್ಲ್ಯಾಶ್ ಫುಲ್. ಮತ್ತೇನೂ ಮುಟ್ಟಬ್ಯಾಡ. ಇಪ್ಪತ್ತು ವರ್ಷದಿಂದ ನಾ ಹಿಂಗೇ ಹೊಡ್ಯಾಕತ್ತೇನಿ."

"ಎಂಟೇ ಯಾಕ್ರಿ ಅಣ್ಣಾ?"

"ಯಾಕ ಅಂದ್ರ ಏನ್ ಹೇಳ್ಲಿ? ಫೋಟೊ ಬರ್ತಾವ, ಅಷ್ಟೇ."

ಬರಲಿಲ್ಲ. ಜೇವರ್ಗಿಯ ಆ ಮನೆಯಲ್ಲಿ ಹೆಂಗಸರ ಕೋಣೆ ಇಕ್ಕಟ್ಟಾಗಿತ್ತು. ವ್ಯಂಕಟೇಶ ಹತ್ತು ಅಡಿ ದೂರ ನಿಂತು, ವಿಡಿಯೊದವರ ದೊಡ್ಡ ದೀಪಗಳ ಬೆಳಕಿನಲ್ಲಿ ತೆಗೆಯುತ್ತಿದ್ದವನು. ಮಸರತಗೆ ಮೂರು ಅಡಿ ಹಿಂದೆ ಸರಿದರೆ ಗೋಡೆ, ವಿಡಿಯೊದ ದೀಪವಂತೂ ಇಲ್ಲವೇ ಇಲ್ಲ. ಮದುಮಗಳು ಜೀನತಳ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗೆ ಬಂತು. ಅವಳ ಹಿಂದೆ ಎರಡು ದಿನ ಕಷ್ಟಪಟ್ಟು ಕಟ್ಟಿದ್ದ ಚೆಂಡುಹೂವಿನ ಮಾಲೆಗಳು, ಬಣ್ಣದ ಬಲ್ಬಿನ ಸರಗಳು, ಕೂತಿದ್ದ ಅಕ್ಕತಂಗಿಯರು, ಎಲ್ಲ ಕಪ್ಪು.

ಆಲ್ಬಮ್ ನೋಡಿದ ಜೀನತ ಫೋನ್ ಮಾಡಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಅಕ್ಕಾ, ಇವು ಎಲ್ಲಿ ತೆಗದಿರಿ? ನಮ್ಮ ಮನ್ಯಾಗೋ, ಬಾವ್ಯಾಗೋ?" ಅಂದಳು.

ಮಸರತ ಅಂದೋಲಾದ ಹುಡುಗಿ, ಪಿಯುಸಿ ಸೈನ್ಸ್ ಓದಿದವಳು. ಕಾಲೇಜಿನಲ್ಲಿ ಆಕೆಗೆ ಇಷ್ಟವಾಗಿದ್ದುದು ಫಿಜಿಕ್ಸ್ ಲ್ಯಾಬ್ ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತು ಅಂತ ಬರೆದುಕೊಳ್ಳಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಅಂತ ಅಲ್ಲಿ ಕಲಿತಿದ್ದಳು. ಆ ಭಾನುವಾರ ಕ್ಯಾಮೆರಾ ಮನೆಗೆ ತಂದಳು. ಅತ್ತೆ ಕರೀಮುನ್ನಿಸಾ ಅಡುಗೆಮನೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು.

"ಅಮ್ಮಿ, ಹಿಂಗೇ ಕೂಡ್ರಿ. ಏಳಬ್ಯಾಡ್ರಿ."

"ಎಷ್ಟೊತ್ತು ಬೇ?"

"ಈ ಬುಟ್ಟಿ ಶೇಂಗಾ ಮುಗಿಯೋ ತನಕ."

ಕೋಣೆಯಲ್ಲಿ ಒಂದು ಟ್ಯೂಬ್‌ಲೈಟು. ಅತ್ತೆಯ ಹಿಂದೆ ನೀಲಿ ಗೋಡೆ, ಗೋಡೆಗೆ ಸ್ಟೀಲಿನ ತಾಟುಗಳ ಸ್ಟ್ಯಾಂಡು. ಮಸರತ ಫ್ಲ್ಯಾಶಿನ ಬಲ ತಗ್ಗಿಸಿದಳು. ಕ್ಯಾಮೆರಾ ಬೆಳಕನ್ನು ಎಷ್ಟು ಚುರುಕಾಗಿ ಹಿಡಿಯುತ್ತದೆ ಎಂದು ಹೇಳುವ ಐಎಸ್ಒ ಅಂಕಿಯನ್ನು ಎಂಟು ನೂರಕ್ಕೆ ಏರಿಸಿದಳು. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿ, ಒಂದೇ ಅಳತೆಗೆ ನಿಲ್ಲಿಸಿದಳು. ಬದಲಿಸುವುದು ಶಟರ್ ಮಾತ್ರ, ಅಂದರೆ ಆ ಕಿಂಡಿಯ ಹಿಂದಿನ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಮಾತ್ರ.

ಸೆಕೆಂಡಿನ ಇನ್ನೂರನೇ ಒಂದು ಪಾಲು. ಅತ್ತೆಯ ಮುಖ ಸರಿಯಾಗಿ ಬಂತು. ಗೋಡೆ ಕಪ್ಪು.

ನೂರನೇ ಒಂದು ಪಾಲು. ಮುಖ ಹಾಗೇ ಇದೆ. ಗೋಡೆಯಲ್ಲಿ ಏನೋ ಮಸುಕು.

ಐವತ್ತು. ಮುಖ ಹಾಗೇ! ತಾಟುಗಳ ಅಂಚು ಮಿಂಚಿತು.

ಮಸರತ ಮೂವತ್ತಕ್ಕೆ ಇಳಿಸಿ ಒತ್ತಿದಳು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಇಡೀ ಅಡುಗೆಮನೆ ಎದ್ದು ಬಂದಿತ್ತು. ನೀಲಿ ಗೋಡೆ, ತಾಟು, ಮೂಲೆಯ ಕೊಡ, ಕೊಡದ ಮೇಲಿನ ಹಿತ್ತಾಳೆ ಚೆಂಬು. ಅತ್ತೆಯ ಮುಖ ಮಾತ್ರ ನಾಲ್ಕೂ ಫೋಟೊದಲ್ಲಿ ಒಂದೇ ತರ, ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

"ಅಮ್ಮಿ! ನೋಡ್ರಿ, ನಿಮ್ಮ ಮಾರಿ ಏನೂ ಆಗಿಲ್ಲ!"

"ನನ್ನ ಮಾರಿಗೆ ಏನಾಗಬೇಕಾಗಿತ್ತು?" ಅಂತ ಕರೀಮುನ್ನಿಸಾ ಗಾಬರಿಯಾದರು.

ಆಮೇಲೆ ಕಿಂಡಿಯನ್ನು ಕಿರಿದು ಮಾಡಿ ನೋಡಿದಳು. ಈ ಸಲ ಮುಖವೂ ಗೋಡೆಯೂ ಎರಡೂ ಕಪ್ಪಾದವು. ಐಎಸ್ಒ ಏರಿಸಿದರೆ ಎರಡೂ ಬೆಳಗಿದವು. ಶಟರನ್ನು ಸೆಕೆಂಡಿನ ಎಂಟನೇ ಪಾಲಿನವರೆಗೆ ಇಳಿಸಿದಾಗ ಅತ್ತೆ ಬಾಗಿಲ ಬೆಕ್ಕನ್ನು ನೋಡಲು ತಿರುಗಿದರು, ಫೋಟೊದಲ್ಲಿ ಅವರ ಕಿವಿಯ ಪಕ್ಕ ಇನ್ನೊಂದು ಮಸುಕು ಕಿವಿ ಮೂಡಿತು. ಅದನ್ನೂ ಬರೆದುಕೊಂಡಳು: ತೀರ ಇಳಿಸಬಾರದು. ಬುಟ್ಟಿ ಖಾಲಿಯಾಗುವಷ್ಟರಲ್ಲಿ ನೋಟ್‌ಬುಕ್ಕಿನ ಮೂರು ಪುಟ ತುಂಬಿದ್ದವು.

ಗಂಡ ಮುಜಮ್ಮಿಲ ಸರಕಾರಿ ಬಸ್ಸಿನ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದವನಿಗೆ ಚಹಾ ಕೊಡುವ ಮೊದಲೇ ಹೇಳತೊಡಗಿದಳು. "ಒಂದ ಫೋಟೊದಾಗ ಎರಡು ಬೆಳಕು ಅವ ರೀ! ಒಂದು ಫ್ಲ್ಯಾಶಿಂದು, ಒಂದು ಮನೀದು. ಫ್ಲ್ಯಾಶ್ ಅಂದ್ರ ನಿಮ್ಮ ಬಸ್ಸಿಗೆ ಒಂದೇ ನೆಗತಕ್ಕ ಜಿಗಿದು ಹತ್ತೋ ಪ್ಯಾಸೆಂಜರ್. ಬಾಗಿಲ ಒಂದು ಮಿನಿಟ ತೆರದಿಡ್ರಿ, ಐದು ಮಿನಿಟ ತೆರದಿಡ್ರಿ, ಅಂವ ಆಗಲೇ ಒಳಗ. ಮನೀ ಬೆಳಕು ಸಾಲಿನ್ಯಾಗ ನಿಂತು ಮೆಲ್ಲಕ ಹತ್ತೋ ಮುದುಕರ ಹಂಗ. ಬಾಗಿಲ ತೆರದಷ್ಟೂ ಹೆಚ್ಚು ಮಂದಿ ಬರ್ತಾರ."

ಮುಜಮ್ಮಿಲ ಬೂಟು ಬಿಚ್ಚುತ್ತ ಯೋಚಿಸಿದ. "ಹಂಗಾದ್ರ ಬಾಗಿಲೇ ಸಣ್ಣದು ಮಾಡಿದ್ರ?"

"ಇಬ್ಬರಿಗೂ ತ್ರಾಸು! ಅದೇ ಅಪರ್ಚರ್!" ಅಂತ ಮಸರತ ಕುಣಿದೇ ಬಿಟ್ಟಳು.

ಮರುದಿನ ಬೆಳಿಗ್ಗೆ ಸ್ಟುಡಿಯೊದ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದಳು. ನಾಲ್ಕೂ ಫೋಟೊಗಳನ್ನು ಪ್ರಿಂಟ್ ತೆಗೆದು ವ್ಯಂಕಟೇಶನ ಮುಂದೆ ಸಾಲಾಗಿ ಇಟ್ಟಳು. "ಅಣ್ಣಾ, ಮೊದಲು ಅಪರ್ಚರ್, ಫ್ಲ್ಯಾಶ್ ಬಲ, ನಾವು ನಿಂತ ದೂರ, ಇಷ್ಟರಿಂದ ಮಾರಿ ಸರಿ ಮಾಡ್ಕೋಬೇಕ್ರಿ. ಆಮ್ಯಾಲ ಶಟರ್ ಇಳಿಸಿ ಮನೀ ಬೆಳಕು ಕರಕೋಬೇಕು."

ವ್ಯಂಕಟೇಶ ಒಂದೊಂದನ್ನೇ ಎತ್ತಿ ನೋಡಿದ. ಕೊನೆಗೆ, "ಇಪ್ಪತ್ತು ವರ್ಷ ನಾನು ಮಂದಿ ಮನಿ ಎಲ್ಲಾ ಕತ್ತಲ ಮಾಡೀನಲ್ಲವಾ," ಅಂದ. ಆಮೇಲೆ ಕುರ್ಚಿ ಎಳೆದುಕೊಂಡು, "ಇನ್ನೊಮ್ಮೆ ಹೇಳು. ಮೆಲ್ಲಕ ಹೇಳು," ಅಂದ.

ಆವತ್ತೇ ಮಸರತ ಜೀನತಗೆ ಫೋನ್ ಮಾಡಿ, ತಪ್ಪು ಎಲ್ಲಿ ಆಯಿತೆಂದು ಹೇಳಿದಳು. ಮತ್ತೆ ಬಂದು ಪುಕ್ಕಟೆ ತೆಗೆದುಕೊಡುತ್ತೇನೆ ಅಂದಳು. ಜೀನತ ಒಪ್ಪಲಿಲ್ಲ. "ಆ ಹೂವೂ ಇಲ್ಲ, ಆ ಮಂದೀನೂ ಇಲ್ಲ ಅಕ್ಕಾ, ಈಗೇನ್ ತೆಗೀತೀರಿ?" ಆಮೇಲೆ ತಾನೇ ಹೇಳಿದಳು: "ಬರೋ ತಿಂಗಳು ಆಳಂದದಾಗ ನಮ್ಮ ಚಿಕ್ಕಮ್ಮನ ಮಗಳ ಮದುವಿ ಅದ. ಅಲ್ಲಿಗೆ ಬರ್ರಿ. ಆದ್ರ ನಮ್ಮ ನಾನಿ ಫೋಟೊಕ್ಕ ಕೂಡಂಗಿಲ್ಲ, ಮೊದಲೇ ಹೇಳೇನಿ. ಆ ಫ್ಲ್ಯಾಶ್ ಕಣ್ಣಿಗೆ ಹೊಡದ್ರ ಆಕಿಗೆ ತಲಿನೋವು."

ಆಳಂದದ ಮನೆಯಲ್ಲಿ ಹೆಂಗಸರು ಮಹಡಿಯ ಮೇಲೆ ಸೇರಿದ್ದರು. ಹನ್ನೊಂದು ಗಂಟೆಯ ಹೊತ್ತು, ಕಿಟಕಿಗಳಿಗೆಲ್ಲ ಪರದೆ, ಒಳಗೆ ಬಲ್ಬಿನ ಸರಗಳು ಉರಿಯುತ್ತಿದ್ದವು. ಜೀನತಳ ತಾಯಿಯ ತಾಯಿ, ನಾನಿ ನಜಮುನ್ನಿಸಾ ಮೂಲೆಯಲ್ಲಿ ಜಪದ ತಸ್ಬಿ ಮಾಲೆ ಹಿಡಿದು ಕೂತಿದ್ದರು. ಕ್ಯಾಮೆರಾ ಕಂಡ ಕೂಡಲೇ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ಇದಕ್ಕೂ ಮಸರತ ತಯಾರಾಗಿ ಬಂದಿದ್ದಳು. ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ ಛಾವಣಿಗೆ ಹೊಡೆದರೆ ಬೆಳಕು ಅಲ್ಲಿಂದ ಹರಡಿಕೊಂಡು ಮೆತ್ತಗೆ ಕೆಳಗಿಳಿಯುತ್ತದೆ, ಯಾರ ಕಣ್ಣಿಗೂ ನೇರ ಬಡಿಯುವುದಿಲ್ಲ. ಮನೆಯಲ್ಲಿ ಹತ್ತು ಸಲ ಮಾಡಿ ನೋಡಿದ್ದಳು. ತಿರುಗಿಸಿದಳು, ಒತ್ತಿದಳು, ಪರದೆ ನೋಡಿದಳು.

ಮದುಮಗಳ ಮುಖ ಹಸಿರಾಗಿತ್ತು. ಸಾಲಾಗಿ ಕೂತಿದ್ದ ಎಲ್ಲರ ಮುಖವೂ ಹಸಿರು. ತಲೆ ಎತ್ತಿ ನೋಡಿದರೆ ಛಾವಣಿಗೆ ಗಿಳಿಹಸಿರು ಬಣ್ಣ ಬಳಿದಿದ್ದರು! ಗೋಡೆಗಳೂ ಅದೇ ಬಣ್ಣ.

ಜೀನತ ಪಕ್ಕಕ್ಕೆ ಬಂದು ಇಣುಕಿದಳು. "ಏನಾಯ್ತು ಅಕ್ಕಾ?"

"ಬಿಳಿ ಚಾದರ ಅದ ಏನವಾ? ದೊಡ್ಡದು?"

ಕಪಾಟಿನಿಂದ ಹೊಸ ಹಾಸಿಗೆ ಚಾದರ ಬಂತು. ನಾಲ್ವರು ಹೆಂಗಸರು ಕುರ್ಚಿ ಏರಿ, ಎಡಗಡೆಯ ಗೋಡೆಗೆ ಅದನ್ನು ಬಿಗಿಯಾಗಿ ಹಿಡಿದರು. "ನಾವೂ ಫೋಟೊದಾಗ ಬರ್ತೇವಿಲ್ಲೋ?" ಅಂತ ಒಬ್ಬಳು ಮೇಲಿನಿಂದಲೇ ಕೇಳಿದಳು, ಎಲ್ಲರೂ ನಕ್ಕರು. ಮಸರತ ಫ್ಲ್ಯಾಶನ್ನು ಚಾದರದ ಕಡೆಗೆ ತಿರುಗಿಸಿದಳು. ಬಡಿದು ಬರುವಾಗ ಬೆಳಕು ಕಡಿಮೆಯಾಗುತ್ತದೆ ಅಂತ ಗೊತ್ತಿತ್ತು, ಅಂಕಿ ಇಳಿದಷ್ಟೂ ಅಗಲವಾಗುವ ಕಿಂಡಿಯನ್ನು ನಾಲ್ಕಕ್ಕೆ ಅಗಲಿಸಿದಳು, ಫ್ಲ್ಯಾಶಿನ ಬಲ ಅರ್ಧಕ್ಕೆ ಏರಿಸಿದಳು. ಬಲ್ಬಿನ ಸರಗಳಿಗಾಗಿ ಶಟರ್ ಅರವತ್ತು. ಬೆರಳುಗಳು ತಾವಾಗಿಯೇ ಓಡಾಡುತ್ತಿದ್ದವು.

ಒತ್ತಿದಳು.

ಮದುಮಗಳ ಕೆನ್ನೆಗೆ ಕಿಟಕಿಯ ಬೆಳಕಿನಂಥ ಮೆದು ಬೆಳಕು. ದುಪಟ್ಟಾದ ಕೆಂಪು ಕೆಂಪಾಗಿಯೇ ಇತ್ತು. ಹಿಂದೆ ಒಂದೊಂದು ಬಲ್ಬೂ ಹೊಳೆಯುತ್ತಿತ್ತು. ಸಾಲಿನ ಕೊನೆಯಲ್ಲಿದ್ದ ಅತ್ತೆಯಂದಿರ ಮೂಗುಬೊಟ್ಟುಗಳೂ ಕಾಣುತ್ತಿದ್ದವು. ಜೀನತ "ಅಲ್ಲಾ!" ಅಂದದ್ದಷ್ಟೇ, ಇಡೀ ಕೋಣೆ ಎದ್ದು ಕ್ಯಾಮೆರಾದ ಸುತ್ತ ಮುತ್ತಿಕೊಂಡಿತು. ಚಾದರ ಹಿಡಿದವರೂ ಕುರ್ಚಿಯಿಂದ ಇಳಿದು ಬಂದರು. ಮತ್ತೆ ಅವರನ್ನು ಹತ್ತಿಸುವುದೇ ಒಂದು ಕೆಲಸವಾಯಿತು.

ಈ ಗದ್ದಲದಲ್ಲಿ ನಜಮುನ್ನಿಸಾ ಕಣ್ಣು ಬಿಟ್ಟಿದ್ದರು. "ಹೊಡದಿ ಏನು? ನನಗ ಗೊತ್ತೇ ಆಗ್ಲಿಲ್ಲಲ್ಲ?"

"ಗೊತ್ತಾಗಂಗಿಲ್ರಿ ನಾನಿ. ಬರ್ರಿ, ಮೊಮ್ಮಗಳ ಬಾಜೂಕ ಕೂಡ್ರಿ. ಕಣ್ಣಿಗೆ ಬಡದ್ರ ನಾನೇ ಹೊರಗ ಹೋಗ್ತೇನಿ."

ಮುದುಕಿ ಅನುಮಾನದಿಂದಲೇ ಬಂದು ಕೂತರು. ಮೊದಲ ಸಲ ರೆಪ್ಪೆ ಅದುರಿತು. ಎರಡನೇ ಸಲ ಅದುರಲಿಲ್ಲ. ಮೂರನೆಯದರಲ್ಲಿ ಮೊಮ್ಮಗಳು ಕಿವಿಯಲ್ಲಿ ಏನೋ ಹೇಳಿದಳು, ನಜಮುನ್ನಿಸಾ ಬೊಚ್ಚು ಬಾಯಿ ತೆರೆದು ಕ್ಯಾಮೆರಾದ ಕಡೆಗೇ ನೋಡುತ್ತ ನಕ್ಕರು. ಮಸರತ ಪರದೆಯನ್ನು ಅವರ ಮುಂದೆ ಹಿಡಿದಾಗ ಎಷ್ಟೋ ಹೊತ್ತು ಬೆರಳಿಟ್ಟು ನೋಡಿದರು. "ನನ್ನ ಎಲ್ಲಾ ಫೋಟೊದಾಗೂ ಕಣ್ಣು ಮುಚ್ಚೇ ಇದ್ದವು. ಇವು ಇಷ್ಟು ದೊಡ್ಡವು ಅಂತ ನನಗ್ಯಾರೂ ಹೇಳಿರ್ಲಿಲ್ಲ," ಅಂದರು.

ಅಲ್ಲಿಂದ ಮಸರತಗೆ ಬಿಡುವಿಲ್ಲ. ಆಳಂದದ ಆ ಮಹಡಿಯಲ್ಲಿ ಕೂತಿದ್ದ ಹೆಂಗಸರೇ ಊರೂರಿಗೆ ಸುದ್ದಿ ಒಯ್ದರು. ಸ್ಟುಡಿಯೊದ ಬೋರ್ಡಿನಲ್ಲಿ ವ್ಯಂಕಟೇಶ ತನ್ನ ಹೆಸರಿನ ಪಕ್ಕ ಅವಳ ಹೆಸರನ್ನೂ ಬರೆಸಿದ. ಈಗ ಹಿಂದೂ ಮದುವೆಗಳಿಗೂ ಮೊದಲು ಅವಳನ್ನೇ ಕೇಳುತ್ತಾರೆ. ಕಡಗಂಚಿಯ ಯೂನಿವರ್ಸಿಟಿಯಲ್ಲಿ ಓದುವ ಪ್ರಾಚಿ ಎಂಬ ಹುಡುಗಿ ರಜೆಯಲ್ಲಿ ಅವಳ ಜೊತೆ ಬರುತ್ತಾಳೆ. ಅವಳಿಗೆ ಮಸರತ ಅಂಕಿ ಹೇಳಿಕೊಡುವುದಿಲ್ಲ, ನೋಟ್‌ಬುಕ್ಕು ಕೊಟ್ಟು "ನೀನೇ ಬದಲಿಸಿ ನೋಡು" ಅನ್ನುತ್ತಾಳೆ.

ಹೋದ ವಾರ ಒಂದು ಸಂಜೆ ಮುಜಮ್ಮಿಲನನ್ನು ಖಾಕಿ ಅಂಗಿಯಲ್ಲೇ ಭೀಮಾ ದಂಡೆಗೆ ಎಳೆದುಕೊಂಡು ಹೋದಳು. ಮುಳುಗುವ ಸೂರ್ಯನ ಕೆಂಪು ಆಕಾಶವೂ ಉಳಿಯಬೇಕು, ಅದರ ಮುಂದೆ ನಿಂತವನ ಮುಖವೂ ಕಾಣಬೇಕು. ಆಕಾಶ ಬೆಳ್ಳಗಾಗದಿರಲಿ ಎಂದು ಶಟರನ್ನು ನಾಲ್ಕು ನೂರಕ್ಕೆ ಏರಿಸಿ, ಮುಖಕ್ಕೆ ಫ್ಲ್ಯಾಶ್ ಇಟ್ಟು ಒತ್ತಿದಳು. ಫೋಟೊದಲ್ಲಿ ಮುಜಮ್ಮಿಲನ ಮುಖ, ಎದೆ ಎಲ್ಲ ಇತ್ತು. ಸೊಂಟದಿಂದ ಕೆಳಗೆ ಗೆರೆ ಎಳೆದ ಹಾಗೆ ಕತ್ತಲೆ.

"ನನ್ನ ಅರ್ಧ ಮೈ ಎಲ್ಲಿ ಹೋಯ್ತು?" ಅಂತ ಅವನು ಕೇಳಿದ.

ಮಸರತ ಅವನ ಕಡೆ ನೋಡಲೇ ಇಲ್ಲ. ಕಣ್ಣು ಅರಳಿಸಿ ಆ ಗೆರೆಯನ್ನೇ ನೋಡುತ್ತಿದ್ದಳು. ಶಟರನ್ನು ಮುನ್ನೂರ ಇಪ್ಪತ್ತಕ್ಕೆ ಇಳಿಸಿದಳು, ಗೆರೆ ಕೆಳಗೆ ಸರಿಯಿತು. ಇನ್ನೂರಕ್ಕೆ ಇಳಿಸಿದಳು, ಮಾಯ! "ಶಟರ್‌ಗೂ ಒಂದು ಮಿತಿ ಅದ ರೀ! ಅದಕ್ಕಿಂತ ಜೋರು ಓಡಿದ್ರ ಫ್ಲ್ಯಾಶ್ ಹೊಡ್ಯೋ ಹೊತ್ತಿಗೆ ಪೂರಾ ತೆರದಿರಂಗಿಲ್ಲ!" ಈಗ ಆಕಾಶ ತುಸು ಬೆಳ್ಳಗಾಯಿತು. ಕಿಂಡಿಯನ್ನು ಎಂಟರಿಂದ ಹನ್ನೊಂದಕ್ಕೆ ಕಿರಿದುಮಾಡಿ, ಅದರಿಂದ ಕಳೆದುಹೋದ ಮುಖದ ಬೆಳಕಿಗೆ ಫ್ಲ್ಯಾಶಿನ ಬಲ ಏರಿಸಿದಳು.

"ಕಾಲು ನೋವಾಗ್ಯಾವ ಮಸರತ."

"ನಿಂದ್ರಿ, ಹೊತ್ತು ಮುಳಗಾಕತ್ತದ, ಇನ್ನ ಎರಡೇ!" ಅನ್ನುತ್ತ ಆಕೆ ದಂಡೆಯ ಉಸುಕಿನಲ್ಲಿ ಮೊಣಕಾಲೂರಿ ಕೂತಳು.