ಕನ್ನಡಕದಂಗಡಿಯವನು ಮುಟ್ಟಿದ ಕಲ್ಲುಗಳು

ಕನ್ನಡಕದಂಗಡಿಯವನಿಗೆ ಒಂದು ಹುಚ್ಚಿತ್ತು. ಭೂಮಿ ಅಳೆಯುವವರು ಹಿಂದೆಂದೋ ಬೆಟ್ಟಗಳ ನೆತ್ತಿಯಲ್ಲಿ ನೆಟ್ಟುಹೋದ ಸರ್ವೆ ಗುರುತುಗಳನ್ನು ಹುಡುಕಿಕೊಂಡು ಹೋಗಿ ಮುಟ್ಟಿ ಬರುವುದು. ಮುಟ್ಟಿ ಬರುವುದು, ಅಷ್ಟೇ. ಅದರಡಿ ನಿಧಿಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಫೋನು ದಾರಿ ತೋರಿಸುತ್ತದೆ, ಇವನು ಏದುಸಿರು ಬಿಡುತ್ತಾ ಹತ್ತುತ್ತಾನೆ, ಗುರುತಿನ ಮೇಲೆ ಕೈಯಿಟ್ಟು ಫೋಟೋ ಹೊಡೆದುಕೊಳ್ಳುತ್ತಾನೆ, ಇಂಥದೇ ಹುಚ್ಚಿನ ಮೂವತ್ತು ಚಿಲ್ಲರೆ ಜನರ ಗುಂಪಿಗೆ ಕಳಿಸುತ್ತಾನೆ. ಅವರು ಭೇಷ್ ಅನ್ನುತ್ತಾರೆ. ಭಾನುವಾರ ಮುಗೀತು.

ಇಷ್ಟಕ್ಕೇ ನಿಂತಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಆದರೆ ಈ ಮಹಾಶಯನಿಗೆ ತಾನು ಮುಟ್ಟಿದರೆ ಸಾಲದು, ಬೇರೆಯವರು ಮುಟ್ಟಿಲ್ಲ ಅಂತ ಸಾಬೀತೂ ಮಾಡಬೇಕು. ದಿನವಿಡೀ ಗಾಜು ಉಜ್ಜಿ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕುವ ಕಣ್ಣು ತನ್ನದು ಅನ್ನುವ ಜಂಬ. ಗಿರಾಕಿ ಅಕ್ಷರದ ಹಲಗೆ ಮುಂದೆ ಕೂತು ಕೆಳಗಿನ ಸಾಲು ಕಾಣದೆ ಒದ್ದಾಡುತ್ತಿದ್ದರೆ, ಇವನು ಕೌಂಟರಿನ ಹಿಂದೆ ಯಾರದೋ ಫೋಟೋ ದೊಡ್ಡದು ಮಾಡಿ ಬೆರಳಿಗೂ ಕಲ್ಲಿಗೂ ನಡುವೆ ಗಾಳಿ ಆಡುತ್ತಿದೆಯೇ ಅಂತ ನೋಡುತ್ತಿದ್ದ. ಸಂಶಯ ಬಂದರೆ ಸಾಕು, ಆ ಬೆಟ್ಟ ಅವರ ಹೆಸರಿನಿಂದ ಕಿತ್ತುಹೋಯಿತು. ಇವನ ಜೊತೆ ವಾದಕ್ಕಿಳಿಯುವ ತಾಳ್ಮೆ ಯಾರಿಗಿದೆ? ಯಾರು ಎಷ್ಟು ಬೆಟ್ಟ ಮುಟ್ಟಿದರು ಅನ್ನುವ ಪಟ್ಟಿ ನೋಡಿಕೊಳ್ಳುವ ಕೆಲಸವನ್ನು ಇವನ ಕೊರಳಿಗೇ ಕಟ್ಟಿ ಜಡ್ಜ್ ಸಾಹೇಬ್ರು ಅಂತ ಕರೆದರು. ಅದು ಗೇಲಿ ಅಂತ ಅವನ ತಲೆಗೆ ಹತ್ತಲೇ ಇಲ್ಲ. ಇನ್ನಷ್ಟು ಬೀಗಿದ.

"ಅಡುಗೆಮನೆ ನಲ್ಲಿ ಆರು ತಿಂಗಳಿಂದ ಸೋರ್ತಿದೆ. ಅದನ್ನ ಮುಟ್ರೀ ಅಂದ್ರೆ ಮುಟ್ಟಲ್ಲ," ಅನ್ನುತ್ತಿದ್ದಳು ಹೆಂಡತಿ. "ಬೆಟ್ಟದ ಮೇಲಿನ ಕಲ್ಲು ಮುಟ್ತಾರಂತೆ, ಕಲ್ಲು!"

ಗುಂಪಿನಲ್ಲಿ ಒಬ್ಬರು ನರ್ಸಮ್ಮ ಇದ್ದರು. ಐವತ್ತೆಂಟರ ಹೆಂಗಸು, ಎಡ ಮೊಣಕಾಲು ಸವೆದುಹೋಗಿದೆ. ವಾರವಿಡೀ ಆಸ್ಪತ್ರೆಯಲ್ಲಿ ನಿಂತು ಸುಸ್ತಾಗಿ, ಭಾನುವಾರ ಕೋಲೂರಿಕೊಂಡು ಬೆಟ್ಟ ಹತ್ತುವವರು. ಯಾರ ತಂಟೆಗೂ ಹೋದವರಲ್ಲ. ಹೋದ ವರ್ಷ ಟವರ್ ಬೆಟ್ಟದ ನೆತ್ತಿಯಲ್ಲಿ ಒಂದು ಬೋಳು ಸಿಮೆಂಟ್ ಕಟ್ಟೆಯ ಮೇಲೆ ಕೈಯಿಟ್ಟು ಫೋಟೋ ಕಳಿಸಿದರು. ಕಟ್ಟೆಯ ನಡುವೆ ಒಂದು ಸಣ್ಣ ತೂತು. ಜಡ್ಜ್ ಸಾಹೇಬ್ರು ತೀರ್ಪು ಕೊಟ್ಟೇಬಿಟ್ಟರು: 'ಇದು ಯಾವುದೋ ಬೇಲಿ ಕಂಬದ ಬುಡ. ನಿಜವಾದ ಗುರುತು ಆರು ಹೆಜ್ಜೆ ಆಚೆಗಿದೆ, ಬಾಣ ಕೆತ್ತಿದ ಹಿತ್ತಾಳೆ ಬಿಲ್ಲೆ. ಕಣ್ಣಿದ್ದವರಿಗೆ ಕಾಣುತ್ತೆ.' ನರ್ಸಮ್ಮ 'ತಪ್ಪಾಯ್ತು ಸರ್' ಅಂತ ಬರೆದು ಸುಮ್ಮನಾದರು.

ಸುತ್ತಮುತ್ತ ಒಟ್ಟು ಅರವತ್ತೆರಡು ಬೆಟ್ಟ. ಇವನದು ಅರವತ್ತೊಂದು ಆಗಿತ್ತು. ಎಲ್ಲವನ್ನೂ ಮುಗಿಸಿದವರು ಇನ್ನೂ ಯಾರೂ ಇರಲಿಲ್ಲ. ಆ ಹೆಸರು ಅವನಿಗೆ ಬೇಕೇ ಬೇಕಿತ್ತು. ಪಾಪ, ಗಾಜು ಉಜ್ಜುವುದರಲ್ಲಿ ಹೆಸರೆಲ್ಲಿದೆ? ಕನ್ನಡಕ ಒಪ್ಪಿದರೆ ಮುಖ ಚೆನ್ನಾಗಿದೆ ಅಂತಾರೆ, ಒಪ್ಪದಿದ್ದರೆ ಅಂಗಡಿಯವನಿಗೆ ಉಗೀತಾರೆ. ಹಾಗಂತ ಅಯ್ಯೋ ಅನ್ನಬೇಕಿಲ್ಲ, ಮುಂದೆ ಕೇಳಿ.

ಕೊನೆಯ ಬೆಟ್ಟದ ದಿನ ಗುಂಪಿನವರನ್ನೆಲ್ಲ ಬುಡದ ಚಹಾದಂಗಡಿಯಲ್ಲಿ ಕೂರಿಸಿ ಒಬ್ಬನೇ ಹತ್ತಿದ. ತನ್ನ ಗೆಲುವಿನ ಫೋಟೋದಲ್ಲಿ ಇನ್ನೊಬ್ಬರ ಮೂತಿ ಯಾಕೆ! ಮೇಲೆ ನೋಡಿದರೆ ಸರ್ವೆಯರ್ ಒಬ್ಬ ಮೂರು ಕಾಲಿನ ಉಪಕರಣ ನಿಲ್ಲಿಸಿಕೊಂಡು ಅದರಲ್ಲಿ ಇಣುಕುತ್ತಿದ್ದ.

"ಸ್ವಲ್ಪ ಆ ಕಡೆ ನಿಲ್ಲಿ ಸಾರ್, ಅಡ್ಡ ಬರ್ತಿದೀರಿ."

ಇವನು ನಕ್ಕ. "ಏನಯ್ಯಾ, ಇದೇ ಕೆಲಸ ಮಾಡ್ಕೊಂಡು ತಪ್ಪು ಜಾಗದಲ್ಲಿ ನಿಂತಿದೀಯಲ್ಲ! ಗುರುತು ಇಲ್ಲಿದೆ ನೋಡು." ಬಾಣದ ಬಿಲ್ಲೆಯನ್ನು ಬೂಟಿನ ತುದಿಯಿಂದ ತೋರಿಸಿದ.

"ಅದು ಬರೀ ಸಾಕ್ಷಿ ಬಿಲ್ಲೆ ಸಾರ್. ಅಸಲಿ ಗುರುತು ಮಣ್ಣಲ್ಲಿ ಮುಚ್ಚಿಹೋದ್ರೆ ಹುಡುಕೋಕೆ ಅಂತ ಪಕ್ಕದಲ್ಲಿ ಹಾಕಿರ್ತಾರೆ. ಬಾಣ ಯಾವ ಕಡೆ ತೋರಿಸ್ತಿದೆ ನೋಡಿ, ನನ್ನ ಕಾಲ ಹತ್ರಕ್ಕೆ. ಇಲ್ಲಿ ಸಿಮೆಂಟ್ ನಡುವೆ ತೂತು ಇದೆಯಲ್ಲ, ಇದೇ ಗುರುತು."

ಇವನು ಬಗ್ಗಿ ತೂತು ನೋಡಿದ. "ಎಲ್ಲಾ ಬೆಟ್ಟದಲ್ಲೂ ಹೀಗೇನಾ?"

"ಬಾಣ ಇದ್ದ ಕಡೆಯೆಲ್ಲಾ ಹೀಗೇ. ಬಾಣ ಅಂದ್ಮೇಲೆ ಇನ್ನೇನನ್ನೋ ತೋರಿಸ್ಬೇಕಲ್ವಾ? ಬಾಣವನ್ನೇ ಮುಟ್ಕೊಂಡು ಯಾರಾದ್ರೂ ವಾಪಸ್ ಹೋಗ್ತಾರಾ!"

ಹೋಗಿದ್ದ. ನಲವತ್ತಕ್ಕೂ ಹೆಚ್ಚು ಬೆಟ್ಟಗಳಿಂದ ಹಾಗೇ ಹೋಗಿದ್ದ. ಬಾಣವನ್ನು ಬಿಲ್ಲೆ ಮಾಡಿದ ಕಾರ್ಖಾನೆಯ ಮುದ್ರೆ ಅಂದುಕೊಂಡಿದ್ದ ಬೃಹಸ್ಪತಿ. ನರ್ಸಮ್ಮನ ಫೋಟೋದಲ್ಲಿದ್ದ ತೂತು ಈಗ ನೆನಪಾಗಿ ಕಿವಿ ಬಿಸಿಯಾಯಿತು.

"ಮುಟ್ಟೋದಿದ್ರೆ ಅರ್ಧ ಗಂಟೆ ಕೂತಿರಿ, ಉಪಕರಣ ತೆಗೀತೀನಿ," ಅಂದ ಸರ್ವೆಯರ್.

ಕಾಯಬಹುದಿತ್ತು. ಆದರೆ ತೂತಿನ ಮೇಲೆ ಕೈಯಿಟ್ಟ ಫೋಟೋ ಕಳಿಸಿದರೆ ಹಾಗಾದರೆ ನರ್ಸಮ್ಮನದು ಹೇಗೆ ತಪ್ಪು ಅಂತ ಕೆಳಗೆ ಕೂತವರು ಕೇಳುವುದಿಲ್ಲವೇ? ಇವನು ಬಾಣದ ಬಿಲ್ಲೆಯ ಮೇಲೆ ಕೈಯೂರಿ ಕುಕ್ಕರುಗಾಲಲ್ಲಿ ಕೂತು, ಆ ಸರ್ವೆಯರ್ ಕೈಯಿಂದಲೇ ಫೋಟೋ ತೆಗೆಸಿಕೊಂಡ. ಹಲ್ಲು ಬೇರೆ ಕಿರಿದ.

ಕೆಳಗಿಳಿದರೆ ಚಪ್ಪಾಳೆಯೋ ಚಪ್ಪಾಳೆ. ನರ್ಸಮ್ಮ ಕುಂಟುತ್ತಾ ಹತ್ತಿರ ಬಂದರು. "ಸರ್, ಮುಂದಿನ ತಿಂಗಳು ಮೊಣಕಾಲಿನ ಆಪರೇಷನ್. ಆಮೇಲೆ ಬೆಟ್ಟದ ಮಾತೇ ಎತ್ತಬೇಡಿ ಅಂದಿದಾರೆ ಡಾಕ್ಟ್ರು. ಅದಕ್ಕೆ ಮುಂಚೆ ಟವರ್ ಬೆಟ್ಟದ್ದು ಸರಿಮಾಡ್ಕೋಬೇಕು ಅಂತ ಆಸೆ. ನಾನು ಮುಟ್ಟಿದ್ದು ತಪ್ಪೇ ತಾನೇ ಸರ್? ಇನ್ನೊಂದ್ಸಲ ಹತ್ತೋದು ಬೇಡ ಅಂದ್ರೆ ನನಗೂ ಖುಷಿನೇ."

ಹೇಳಲು ಇದಕ್ಕಿಂತ ಸುಲಭದ ಬಾಗಿಲು ಯಾರು ತೆಗೆದುಕೊಡುತ್ತಾರೆ? ಇವನು ಗಂಟಲು ಸರಿಮಾಡಿಕೊಂಡ. ಚಹಾ ಹಿಡಿದು ನಿಂತಿದ್ದ ಮೂವತ್ತು ಮುಖಗಳನ್ನು ನೋಡಿದ.

"ತಪ್ಪೇ ಸಿಸ್ಟರ್. ಬಾಣ ಇರೋದನ್ನೇ ಮುಟ್ಬೇಕು," ಅಂದ.

ಆ ರಾತ್ರಿ ಊಟ ಸೇರಲಿಲ್ಲ. ಹೆಂಡತಿ ಕೆದಕಿದಾಗ ಎಲ್ಲ ಬಾಯಿಬಿಟ್ಟ.

"ಥೂ! ನಾಚಿಕೆ ಆಗಲ್ವಾ? ಈಗ್ಲೇ ಫೋನ್ ಮಾಡಿ ಹೇಳಿ ಆ ಯಮ್ಮಂಗೆ!"

"ನನ್ನ ಮರ್ಯಾದೆ ಏನಾಗ್ಬೇಕು?"

"ಇದ್ದಿದ್ರೆ ತಾನೇ ಹೋಗೋದು!"

ನಾಳೆ ಹೇಳ್ತೀನಿ ಅಂದ. ಸೋಮವಾರ ಹೇಳಲಿಲ್ಲ, ಬುಧವಾರ ಹೇಳಲಿಲ್ಲ, ಶನಿವಾರ ಅಂಗಡಿಯಲ್ಲಿ ವಿಪರೀತ ಕೆಲಸ ಅಂದ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಗುಂಪಿಗೆ ಫೋಟೋ ಬಂತು. ನರ್ಸಮ್ಮ ಕಾಲು ನೀಡಿ ನೆಲದ ಮೇಲೆ ಕೂತಿದ್ದಾರೆ. ಮೊಣಕಾಲಿಗೆ ಪಟ್ಟಿ, ಮುಖವೆಲ್ಲ ಬೆವರು, ಒಂದು ಕೈ ಬಾಣದ ಬಿಲ್ಲೆಯ ಮೇಲೆ. ಹಿಂದೆ, ಆರು ಹೆಜ್ಜೆ ದೂರದ ಬೋಳು ಕಟ್ಟೆಯ ಮೇಲೆ ಅವರ ನೀರಿನ ಬಾಟಲಿ. ಕೆಳಗೆ ಬರೆದಿದ್ದರು: 'ಕೊನೆಗೂ ಸರಿಯಾದ್ದನ್ನ ಮುಟ್ಟಿದೆ. ಕಾಲು ಊದಿದೆ, ಇಳಿಯೋಕಾಗ್ತಿಲ್ಲ, ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ. ಸರ್‌ಗೆ ಧನ್ಯವಾದ.'

ಇವನು 'ಅಭಿನಂದನೆಗಳು ಸಿಸ್ಟರ್' ಅಂತ ಬೆರಳಾಡಿಸುವಾಗ ಹೆಂಡತಿ ಬೆನ್ನ ಹಿಂದೆ ನಿಂತು ಎಲ್ಲವನ್ನೂ ಓದಿದಳು. ಒಳಗೆ ಹೋಗಿ ಸ್ಕೂಟರಿನ ಕೀ ತಂದಳು, ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಆ ಯಮ್ಮನ್ನ ಕೈಹಿಡಿದು ಇಳಿಸ್ಕೊಂಡು ಬರೋಕೆ. ಯಾವ ಕಲ್ಲು ಅಸಲಿ ಅಂತ ಅಲ್ಲೇ ಕೂತು ಹೇಳ್ತೀನಿ."

"ಏ, ನಿಲ್ಲೇ! ನಾನೇ ಹೇಳ್ತೀನಿ ಅಂದ್ನಲ್ಲ!"

"ಹೇಳಿ, ಬೇಡ ಅಂದೋರ್ಯಾರು? ನಾನು ಅಲ್ಲಿಗೆ ಸೇರೋಕೆ ಒಂದೂವರೆ ಗಂಟೆ ಬೇಕು," ಅಂದು ಸ್ಕೂಟರ್ ಹತ್ತಿ ಹೋದಳು.

ಒಂದೂವರೆ ಗಂಟೆ ಅಂದರೆ ಕಮ್ಮಿ ಹೊತ್ತಲ್ಲ. ಇವನು ಫೋನು ಹಿಡಿದು ಕೂತ. ಹೆಂಡತಿಗೆ ಇಪ್ಪತ್ತಾರು ಸಲ ಫೋನ್ ಮಾಡಿದ. ನರ್ಸಮ್ಮನಿಗೆ ಒಂದು ಸಲವೂ ಮಾಡಲಿಲ್ಲ.