ತರಗತಿಯೊಳಗಿನ ಹೋಟೆಲು

ಜಗಳೂರಿನಲ್ಲೂ ನ್ಯಾಮತಿಯಲ್ಲೂ ನಾನು ಇಂಗ್ಲಿಷ್ ವ್ಯಾಕರಣವನ್ನು ಉಳಿದವರಂತೆ ಬೆತ್ತ ಹಿಡಿದೇ ಕಲಿಸಿದವನು. ಎಂಬತ್ತರ ದಶಕದ ಶುರುವಿನಲ್ಲಿ ಒಂದು ತರಬೇತಿಗೆ ಹಾಕಿದರು. ನಿಯಮ ಬಾಯಿಪಾಠ ಮಾಡಿಸಬೇಡಿ, ಮಕ್ಕಳನ್ನು ಮಾತಾಡಿಸಿ, ಬದುಕನ್ನೇ ತರಗತಿಯೊಳಕ್ಕೆ ತನ್ನಿ ಎಂದರು. ನಾನು ತಲೆದೂಗಿ ಬಂದೆ. ನಮ್ಮ ಕಡೆಯ ಬದುಕು ಎಂಥದೆಂದು ಆ ಪುಣ್ಯಾತ್ಮರಿಗೆ ಗೊತ್ತಿತ್ತೋ ಇಲ್ಲವೋ, ಈಗಲೂ ನನಗೆ ಅನುಮಾನ.

ಆಗ ನಾನಿದ್ದದ್ದು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆ ನೀರು ಹರಿಯುವ ಗದ್ದೆಗಳ ನಡುವಿನ ಒಂದು ಹೈಸ್ಕೂಲಿನಲ್ಲಿ. ಒಂಬತ್ತನೇ ತರಗತಿಗೆ ಹೋಟೆಲಿನ ಆಟ ಹೂಡಿದೆ. ಬೆಂಚು ಅಡ್ಡ ಇಟ್ಟರೆ ಗಲ್ಲಾ. ಚೊಂಬು, ಲೋಟ ನನ್ನ ಮನೆಯವು. ಇಡೀ ತರಗತಿಯಲ್ಲಿ ತಡವರಿಸದೆ ಇಂಗ್ಲಿಷ್ ಆಡುತ್ತಿದ್ದವಳು ದಲಿತ ಕೇರಿಯಿಂದ ಬರುತ್ತಿದ್ದ ಒಬ್ಬ ಹುಡುಗಿ. ಹೋಟೆಲಿನ ಯಜಮಾನಿಕೆ ಅವಳಿಗೇ ಕೊಟ್ಟೆ. ಗಿರಾಕಿ, ಊರಿನ ದೊಡ್ಡ ಜಮೀನುದಾರರ ಮಗ.

"ವುಡ್ ಯೂ ಲೈಕ್ ಸಮ್ ವಾಟರ್?" ಎಂದು ಅವಳು ಲೋಟ ಚಾಚಿದಳು. "ಎಸ್, ಪ್ಲೀಸ್" ಎಂದ ಹುಡುಗ ಆಟದ ಹುರುಪಿನಲ್ಲಿ ಗಟಗಟ ಕುಡಿದುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಬೀಗಿದೆ.

ಮರುದಿನ ಹುಡುಗನ ತಂದೆ ಬಂದರು. ಕೂಗಾಡಲಿಲ್ಲ. "ಇಂಗ್ಲಿಷ್ ಕಲಿಸಾಕೆ ನೀರು ಯಾಕ್ರೀ ಬೇಕು ಮೇಷ್ಟ್ರೇ?" ಎಂದಷ್ಟೇ ಕೇಳಿ ಹೋದರು. ಅದು ನಾಟಿಯ ಕಾಲ. ಹುಡುಗಿಯ ಅಪ್ಪ ಕೂಲಿ ಮಾಡುತ್ತಿದ್ದದ್ದು ಅವರ ಗದ್ದೆಯಲ್ಲೇ. ಅವತ್ತಿನಿಂದ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅವರನ್ನು ನೋಡಿ ಬೇರೆ ಗದ್ದೆಯವರೂ ಕರೆಯಲಿಲ್ಲ.

ಆತ ಶಾಲೆಯ ಗೇಟಿನಾಚೆಯೇ ನಿಂತು ನನಗೆ ಕೈಮುಗಿದ. "ನನ್ ಮಗಳು ಬರ್ಕೊಂಡು ಸುಮ್ನೆ ಕೂತಿರ್ಲಿ ಸ್ವಾಮಿ. ಅವಳನ್ನ ಮಾತಾಡ್ಸಾಕೆ ಹೋಗ್ಬ್ಯಾಡ್ರಿ." ಜಮೀನುದಾರರ ಮನೆಗೇ ಹೋಗಿ ಜಗಳವಾಡಿದೆ. ಅವರು ನಗುನಗುತ್ತ ಕಾಫಿ ಕೊಟ್ಟು ಕಳಿಸಿದರು.

ಅಷ್ಟರಲ್ಲಿ ಹೊಸ ವಿಧಾನ ನೋಡಲು ಶಾಲಾ ಇನ್ಸ್‌ಪೆಕ್ಟರು ಬರುತ್ತಾರೆಂದಾಯಿತು. "ಹೋಟೆಲ್ ಆಟಾನೇ ಮಾಡಿಸ್ರಿ. ಆದ್ರೆ ಪಾತ್ರ ಅದಲು ಬದಲು ಮಾಡ್ರಿ" ಎಂದರು ಹೆಡ್‌ಮಾಸ್ಟರು. ಆ ಹುಡುಗಿಯನ್ನು ಆಟದಿಂದಲೇ ಕೈಬಿಡಬೇಕೆಂದಿದ್ದೆ. ತರಗತಿಯಲ್ಲಿ ಅವಳೇ ಎದ್ದು, "ನಾನು ಮಾಡ್ತೀನಿ ಸಾರ್" ಎಂದಳು.

ಇನ್ಸ್‌ಪೆಕ್ಟರು ಬಂದು ಕೂತರು. ಈಗ ಹುಡುಗ ಯಜಮಾನ, ಅವಳು ಗಿರಾಕಿ. ಅವನು ಅದೇ ಪ್ರಶ್ನೆ ಕೇಳಿ ಲೋಟ ಚಾಚಿದ. ಅವಳು ಮುಟ್ಟಲಿಲ್ಲ. ಗಲ್ಲಾದಿಂದ ದೂರ ಸರಿದು, ಕುಕ್ಕರಗಾಲಿನಲ್ಲಿ ಕೂತು, ಬಾಯಿಗೆ ಬೊಗಸೆ ಒಡ್ಡಿ, "ಎಸ್, ಪ್ಲೀಸ್" ಎಂದಳು. ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಚೊಂಬನ್ನು ಎತ್ತರಕ್ಕೆ ಹಿಡಿದು ಸುರಿದ. ಊರಿನ ಹೋಟೆಲಿನಲ್ಲಿ ಅವಳ ಕೇರಿಯವರು ನೀರು ಕುಡಿಯುತ್ತಿದ್ದದ್ದೇ ಹಾಗೆ. ಕುಡಿದು ಎದ್ದು, "ಥ್ಯಾಂಕ್ ಯೂ, ಸರ್" ಎಂದಳು.

"ಬಹಳ ಸಹಜವಾಗಿತ್ತು ಕಣ್ರೀ" ಎಂದು ಇನ್ಸ್‌ಪೆಕ್ಟರು ನನ್ನ ಬೆನ್ನು ತಟ್ಟಿದರು. ನನಗೆ ಉಗಿಯಬೇಕೆನ್ನಿಸಿತು.

ಅವರು ಹೋದ ಮೇಲೆ ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು.

"ಅವ್ನು ಮನ್ಯಾಗೆ ಹೇಳ್ತಾನೆ ಅಲ್ರೀ ಸಾರ್? ನಾಳೆಯಿಂದ ಅಪ್ಪನ್ನ ಕೆಲ್ಸಕ್ಕೆ ಕರೀತಾರಾ?"